ದುಂಡವ್ವ ರೆಗ್ಯುಲರ್

ಗದಗ-ಬೆಟಗೇರಿ ರಸ್ತೆ, ಪ್ರೆಸ್ಸಿನ ಮಾಳಿಗೆ.
ಕೆಳಗೆ ಯಂತ್ರ ಕ್ಯಾಲೆಂಡರು ಹೊಡೆಯುವಾಗ
ನನ್ನ ಟೇಬಲ್ಲಿನ ಚಹಾಕ್ಕೆ ಸಣ್ಣ ನಡುಕ.
ಎದುರಿಗೆ ದುಂಡವ್ವನ ಖಾನಾವಳಿ,
ಬಾಗಿಲಿಗೆ ಕರಿ ಹಲಗೆ, ದಿನಾ ಹೊಸ ಖಡುವಿನ ಬರಹ:

ಕಟಿ ರೊಟ್ಟಿ, ಎಣಗಾಯಿ
ಝುಣಕದ ವಡಿ
ಉದ್ರಿ ಕೇಳಬ್ಯಾಡ್ರಿ. ಹಸದಿದ್ರ ಕೇಳ್ರಿ.

ಹೆಸರು ದುಂಡವ್ವ, ಅಕ್ಷರ ಮಾತ್ರ ದುಂಡಗಿಲ್ಲ.
ಆಕೆಯ ಕ ಎರಡೂ ಕೈ ಚಾಚಿ ಬಸ್ಸು ತಡೆಯುತ್ತದೆ.
ರೊಟ್ಟಿಯ ಒತ್ತು, ಹಟ ಹಿಡಿದ ಕೂಸು,
ಮೇಲಿನಕ್ಷರದ ಸೀರೆ ಜಗ್ಗುತ್ತ ಜೋತಾಡುತ್ತದೆ.
ತಲೆಕಟ್ಟುಗಳೆಲ್ಲ ಕಪ್ಪತಗುಡ್ಡದ ಗಾಳಿಗೆ ಹಾರಿದ ಸೆರಗು.

ಹೊಸ ಬೇಕರಿಯವರು ಬಂದಿದ್ದರು ಡಬ್ಬಿ ಮಾಡಿಸಲು.
"ಕೈಲೆ ಬರದಂಗ ಇರ್ಬೇಕ್ರಿ ಮೇಡಂ. ನಗುವಂಗ ಇರ್ಬೇಕು.
ನೀಟ್ ಬ್ಯಾಡ."
ನೀಟ್ ಬ್ಯಾಡ ಎಂದ ಗಿರಾಕಿಯನ್ನು
ಹದಿನಾರು ವರ್ಷದಲ್ಲಿ ಮೊದಲ ಸಲ ಕಂಡೆ.

ಎರಡು ತಿಂಗಳು ಹಲಗೆಯ ಫೋಟೋ ಹೊಡೆದೆ,
ಆಕೆ ಹಸಿ ಅರಿವೆಯಿಂದ ಒರೆಸುವ ಮುಂಚೆ.
ಝ ಸಿಕ್ಕಿತು, ಝುಣಕದ ಪುಣ್ಯ.
ಙ ಇಲ್ಲ. ಞ ಇಲ್ಲ.
ಉಂಡು ಹೋಗುವವರಿಗೆ ಅವು ಬೇಕಾಗಿರಲೇ ಇಲ್ಲ.

ಹಾಳಿ ಒಯ್ದೆ. "ಇವಿಷ್ಟು ಬರದು ಕೊಡವ್ವಾ."
ಆಕೆ ಞ ನೋಡಿದಳು, ಗುರುತು ಹತ್ತದ ಬೀಗರನ್ನು ನೋಡಿದಂತೆ.
"ನಾಲ್ಕನೇತ್ತಾ ಬಿಟ್ಟ ಮ್ಯಾಲೆ ಇವನ ಭೆಟ್ಟಿ ಇಲ್ಲ.
ಬದುಕ್ಯಾನೇನು ಇನ್ನಾ?"
ಬರೆದಳು:
ಅರ್ಧ ಸುತ್ತಿಗೆ ಮನಸ್ಸು ಬದಲಿಸಿದ ಚಕ್ಕುಲಿ.
ತಿದ್ದದೆ ಹಾಗೆಯೇ ಇಟ್ಟೆ.

ಮೊದಲ ಪ್ರಿಂಟು ತೋರಿಸಿದಾಗ ಕೈ ಒರೆಸಿಕೊಂಡು ಹಿಡಿದು
ದೂರ ಇಟ್ಟು ನೋಡಿದಳು, ಹತ್ತಿರ ಇಟ್ಟು ನೋಡಿದಳು.
"ಎಲ್ಲಾ ರ ಒಂದ ನಮೂನಿ ಅದಾವಲ್ಲ ತಂಗಿ,
ಸಾಲ್ಯಾಗ ಪ್ರಾರ್ಥನಾಕ್ಕ ನಿಂತಂಗ.
ನಾ ಎರಡು ರೊಟ್ಟಿ ಒಂದ ಅಳತಿಗೆ ಬಡದಾಕಿ ಅಲ್ಲ."

ಖರೆ. ಸೋಮವಾರದ ರ ಒಗ್ಗರಣೆಯ ಘಾಟಿಗೆ ಸೀನಿದ್ದು.
ಗುರುವಾರದ್ದು, ಉದ್ರಿ ಕೇಳಲು ಬಂದವನತ್ತ
ತಿರುಗಿ ಅರ್ಧಕ್ಕೇ ನಿಂತದ್ದು.
ನಾನೋ ಮೌಸು ಹಿಡಿದು ಅವಸರವನ್ನು ಅಳೆಯುವವಳು.
ರಾತ್ರಿ ಕೂತು ಒಂದೊಂದಕ್ಕೆ ಮೂರು ಮೂರು ರೂಪ ಕಟ್ಟಿದೆ,
ಪಾಳಿ ಪ್ರಕಾರ ಬರಲಿ ಎಂದು ಸೂತ್ರ ಹಾಕಿದೆ.
ಪಾಳಿ ಹಚ್ಚಿದ ಅಡ್ಡಾದಿಡ್ಡಿ.
ಲೆಕ್ಕ ಒಪ್ಪಿಸುವ ತುಂಟತನ.

ಬಂದ ರೊಕ್ಕದಲ್ಲಿ ಅರ್ಧ ಕೊಟ್ಟೆ.
ಎಣಿಸಿದಳು, ಉದ್ರಿ ವಹಿ ತೆಗೆದಳು,
ನನ್ನ ಹೆಸರಿನ ಮೇಲೆ ಅಡ್ಡ ಗೀಟು ಎಳೆದಳು.
ಎಂಥ ಗೀಟು! ಅದು ಮಾತ್ರ ಫಾಂಟಿನಲ್ಲಿಲ್ಲ.

ಈಗ ದುಂಡವ್ವ ಎಲ್ಲೆಲ್ಲೂ ಇದ್ದಾಳೆ:
ಖಾರಿ ಬಿಸ್ಕೀಟಿನ ಡಬ್ಬಿ, ತೊಟ್ಟಿಲ ಕಾರ್ಯದ ಕಾರ್ಡು,
ಹುಬ್ಬಳ್ಳಿಯ ಜ್ಯೂಸ್ ಅಂಗಡಿ, ಹುಡುಗರ ಟೀ ಶರ್ಟು.
ಮೊನ್ನೆ ಮುಳಗುಂದ ನಾಕಾದಲ್ಲಿ ಯಾರದೋ ಶ್ರದ್ಧಾಂಜಲಿ ಫ್ಲೆಕ್ಸು.
ಹಾರ ಹಾಕಿದ ಫೋಟೋದ ಕೆಳಗೆ
ಅಕ್ಷರಗಳು ನಗು ತಡೆದುಕೊಂಡು ನಿಂತಿದ್ದವು,
ಒತ್ತುಗಳು ಸೀರೆ ಜಗ್ಗುತ್ತಲೇ ಇದ್ದವು.
ಯಾರಿಗೆ ಬಯ್ಯಲಿ?
ಫೋಟೋದ ಮುದುಕ ಮಾತ್ರ ಬೇಸರಪಟ್ಟಂತೆ ಕಾಣಲಿಲ್ಲ.

ನಿನ್ನೆ ಮಧ್ಯಾಹ್ನ ಉಣ್ಣಲು ಇಳಿದರೆ
ಹಲಗೆಯ ಮೂಲೆಯಲ್ಲಿ, ಎಣಗಾಯಿಯ ಪಕ್ಕ,
ಏನಕ್ಕೂ ಸಂಬಂಧವಿಲ್ಲದ ಒಂದು ಞ.
ನನ್ನ ಮೂರೂ ರೂಪಕ್ಕೆ ಹೊಂದದ ನಾಲ್ಕನೆಯದು,
ಹೊಟ್ಟೆ ಮುಂದೆ ಮಾಡಿ ಆರಾಮ ಕೂತಿತ್ತು.
"ಇದ್ಯಾಕವ್ವ?"
"ಭಾಳ ವರ್ಷಕ್ಕ ಬಂದಾನ. ಒಂದು ದಿವಸ ಉಂಡು ಹೋಗ್ಲಿ."

ಫೋಟೋ ಹೊಡೆಯಲಿಲ್ಲ.
ಝುಣಕ ತೀರಿತ್ತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.